ಅಭಯದಾನವೂ ಸಂವಿಧಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಆಚಾರ್ಯರು ಶ್ರಾವಕನ ಕರ್ತವ್ಯವೆಂದು ವಿಧಿಸಿದ್ದಾರೆ. ಇವುಗಳಲ್ಲಿ ಮೊದಲ ಮೂರನ್ನು ನಮ್ಮ ಸಮಾಜ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದೆ. ಅನ್ನಛತ್ರಗಳು, ಔಷಧಾಲಯಗಳು, ಗ್ರಂಥಭಂಡಾರಗಳು ಇದಕ್ಕೆ ಸಾಕ್ಷಿ. ನಾಲ್ಕನೆಯದಾದ ಅಭಯದಾನವನ್ನು ಮಾತ್ರ ಪ್ರಾಣಿದಯೆ ಎಂಬ ಒಂದೇ ಅರ್ಥಕ್ಕೆ ಸೀಮಿತಗೊಳಿಸಿದ್ದೇವೆ. ಕಟುಕನ ಕೈಯಿಂದ ಒಂದು ಜೀವವನ್ನು ಬಿಡಿಸುವುದು ಅಭಯದಾನವೇ ಸರಿ. ಆದರೆ ಮನುಷ್ಯನು ತನ್ನ ನಂಬಿಕೆಯ ಕಾರಣದಿಂದ ಯಾರಿಗೂ ಹೆದರದೆ ಬಾಳುವಂತೆ ಮಾಡುವುದು ಅದಕ್ಕಿಂತ ಕಡಿಮೆಯ ದಾನವೇ? ಈ ದೃಷ್ಟಿಯಿಂದ ನೋಡಿದರೆ ಧರ್ಮಸ್ವಾತಂತ್ರ್ಯವೆಂಬ ಸಂವಿಧಾನದ ಹಕ್ಕು ನಮಗೆ ಹೊರಗಿನ ವಿಚಾರವಲ್ಲ. ಅದು ಅಭಯದಾನದ ಇತಿಹಾಸ. ಆ ಇತಿಹಾಸದಲ್ಲಿ ನಾವು ಹೆಚ್ಚಾಗಿ ದಾನವನ್ನು ಪಡೆದವರು. ಪಡೆದವರು ಕೊಡಲು ಸಿದ್ಧರಿದ್ದೇವೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ನಮ್ಮ ಬೆಟ್ಟಗಳ ಸಾಕ್ಷ್ಯ

ಈ ವಿಚಾರಕ್ಕೆ ಬೇಕಾದ ಆಧಾರಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಹಿಂದಿನ ಸೊಸೆವೂರು. ಹೊಯ್ಸಳ ವಂಶದ ಮೂಲಸ್ಥಾನ. ಸುದತ್ತ ಮುನಿಗಳ ಮಾತಿನಂತೆ ಸಳನು ಹುಲಿಯನ್ನು ಹೊಡೆದನೆಂಬ ಐತಿಹ್ಯ ಇಲ್ಲಿಗೇ ಸೇರಿದುದು. ಅಲ್ಲಿ ಜಿನಬಸದಿಗಳೂ ಇವೆ, ವಾಸಂತಿಕಾ ದೇವಿಯ ಗುಡಿಯೂ ಇದೆ. ಈ ವಂಶದ ವಿಷ್ಣುವರ್ಧನನು ವೈಷ್ಣವ ಧರ್ಮದತ್ತ ಒಲಿದು 1117ರಲ್ಲಿ ಬೇಲೂರಿನ ಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದನು. ಅವನ ಪಟ್ಟದರಸಿ ಶಾಂತಲೆ ಜೈನಧರ್ಮದಲ್ಲಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಜೈನ ಶ್ರಾವಕಿ. ಒಂದೇ ಮನೆಯಲ್ಲಿ ಮೂರು ದರ್ಶನಗಳು ಒಂದರ ಮುಖವನ್ನೊಂದು ನೋಡುತ್ತ ಬಾಳಿದ ನಿದರ್ಶನವಿದು. ಮತವು ವಂಶದೊಡನೆ ತಾನಾಗಿ ಬರುವ ಆಸ್ತಿಯಲ್ಲ, ಒಬ್ಬೊಬ್ಬರ ಅಂತಃಕರಣದ ನಿರ್ಣಯ ಎಂಬ ತಿಳಿವಳಿಕೆ ಆ ಮನೆಯಲ್ಲಿತ್ತು.

ಭದ್ರೆಯ ದಡದ ಕಳಸಕ್ಕೆ ಬಂದರೆ ಇದೇ ಮಾತು ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸ ಒಡೆಯರು ಜೈನರು. 1432ರಲ್ಲಿ ವೀರಪಾಂಡ್ಯನು ಕಾರ್ಕಳದ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದನು. 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಇದೇ ಅರಸುಮನೆತನವು ಘಟ್ಟದ ಮೇಲಿನ ಕಳಸೇಶ್ವರನಿಗೂ ದತ್ತಿಗಳನ್ನು ಬಿಟ್ಟಿತು. ಪ್ರಜೆಗಳ ದೇವರನ್ನು ತನ್ನ ದೇವರಲ್ಲವೆಂದು ಬದಿಗೊತ್ತದೆ ಅರಸನು ಅಲ್ಲಿಯೂ ದೀಪಕ್ಕೆ ಎಣ್ಣೆ ಸಲ್ಲಿಸಿದನು. ಅಧಿಕಾರ ಕೈಯಲ್ಲಿದ್ದಾಗ ನಮ್ಮವರು ಅಭಯವನ್ನು ಕೊಟ್ಟಿದ್ದರೆಂಬುದಕ್ಕೆ ಇದು ಪುರಾವೆ.

ಹಾಗೆಂದು ಹಳೆಯ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸತ್ಯವಾಗದು. ಬಸದಿಗಳು ಕೈಬದಲಾದ, ಮೂರ್ತಿಗಳು ಭಗ್ನವಾದ ವೃತ್ತಾಂತಗಳೂ ಶಾಸನಗಳಲ್ಲಿಯೇ ಇವೆ. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಅಬ್ಬಲೂರಿನ ಶಾಸನವನ್ನು ಓದಿದವರಿಗೆ ಇದು ತಿಳಿದ ವಿಷಯ. ಅಂದಿನ ಸಹಿಷ್ಣುತೆ ಅರಸನ ಸ್ವಭಾವವನ್ನು ಅವಲಂಬಿಸಿತ್ತು. ಅರಸ ಬದಲಾದರೆ ಅದೂ ಬದಲಾಗಬಹುದಿತ್ತು.

ಎರಡು ಒಡಂಬಡಿಕೆಗಳು

ಈ ಮಾತನ್ನು ಸ್ಪಷ್ಟಪಡಿಸಲು ಎರಡು ಶಾಸನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವುಂಟಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರುಗಳ ಜೈನರು ಅರಸನಲ್ಲಿ ಮೊರೆಯಿಟ್ಟರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದ ಶ್ರೀವೈಷ್ಣವರು ಸೇರಿದ್ದ ಸಭೆಯಲ್ಲಿ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವೆಂದು ತೀರ್ಮಾನಿಸಿದನು. ಜೈನದರ್ಶನಕ್ಕೆ ಒದಗಿದ ಹಾನಿಯನ್ನು ವೈಷ್ಣವರು ತಮಗೇ ಒದಗಿದ ಹಾನಿಯೆಂದು ಭಾವಿಸಬೇಕೆಂಬುದು ಅದರ ತಿರುಳು. ಅದರೊಡನೆ ಒಂದು ಆರ್ಥಿಕ ವ್ಯವಸ್ಥೆಯೂ ಆಯಿತು. ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ತಿರುಮಲೆಯ ತಾತಯ್ಯನು ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಗೊತ್ತುಮಾಡಲಾಯಿತು.

ಎರಡನೆಯದು ನಮಗೆ ಇನ್ನೂ ಸಮೀಪದ ಹಳೇಬೀಡಿನದು, 1638ರದು. ಹುಚ್ಚಪ್ಪದೇವನೆಂಬಾತನು ಅಲ್ಲಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ಜೈನನಾದ ವಿಜಯಪ್ಪನು ಅದನ್ನು ಅಳಿಸಿದನು. ವಿವಾದ ಬೆಳೆಯುವ ಮೊದಲೇ ಎರಡೂ ಸಮಾಜಗಳ ಹಿರಿಯರು ಸೇರಿ ಒಡಂಬಡಿಕೆ ಮಾಡಿಕೊಂಡರು. ಮೊದಲು ವಿಭೂತಿ ವೀಳ್ಯಗಳ ಮರ್ಯಾದೆ ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಎಂದಿನಂತೆ ನಡೆಸಿಕೊಳ್ಳಬಹುದು. ಇದಕ್ಕೆ ಅಡ್ಡಿಪಡಿಸುವ ವೀರಶೈವನು ತನ್ನ ಶಿವನಿಗೂ ಜಂಗಮಕ್ಕೂ ದ್ರೋಹಿಯಾಗುವನು.

ಈ ಎರಡೂ ಒಡಂಬಡಿಕೆಗಳು ನಮ್ಮ ಪೂರ್ವಿಕರ ವಿವೇಕದ ಕುರುಹುಗಳು. ರಕ್ತಪಾತವಿಲ್ಲದೆ ವಿವಾದ ಬಗೆಹರಿದುದು ಸಾಮಾನ್ಯ ಸಂಗತಿಯಲ್ಲ. ಆದರೂ ವ್ಯಾಪಾರಿಯ ಕಣ್ಣಿನಿಂದ ಲೆಕ್ಕ ನೋಡಿದರೆ, ಎರಡರಲ್ಲಿಯೂ ರಕ್ಷಣೆ ಪಡೆದವರು ಬೆಲೆಯನ್ನು ತೆತ್ತಿದ್ದಾರೆ. 1368ರಲ್ಲಿ ಆ ಬೆಲೆ ಮನೆಗೊಂದು ಹಣ. 1638ರಲ್ಲಿ ತಮ್ಮದಲ್ಲದ ಮರ್ಯಾದೆಗೆ ಮೊದಲು ತಲೆಬಾಗುವುದು. ಎರಡರಲ್ಲಿಯೂ ಮೊರೆಯಿಡುವವನು ಒಬ್ಬ, ಅನುಗ್ರಹಿಸುವವನು ಇನ್ನೊಬ್ಬ. ದುರ್ಬಲನು ಕಾಯುತ್ತಾನೆ, ಬಲಿಷ್ಠನು ಕೊಡುತ್ತಾನೆ. ಮೇಲಾಗಿ ರಕ್ಷಣೆ ದೊರೆತುದು ಸಮಯಕ್ಕೆ, ಎಂದರೆ ಸಂಪ್ರದಾಯಕ್ಕೆ. ಆ ಸಂಪ್ರದಾಯದೊಳಗೆ ಇರುವ ಒಬ್ಬ ವ್ಯಕ್ತಿಯ ಅಂತಃಕರಣವನ್ನು ಕುರಿತು ಈ ಒಡಂಬಡಿಕೆಗಳಲ್ಲಿ ಮಾತಿಲ್ಲ.

ಅನುಗ್ರಹದಿಂದ ಹಕ್ಕಿನ ಕಡೆಗೆ

ಆಂಗ್ಲರ ಆಳ್ವಿಕೆಯಲ್ಲಿ 1858ರ ವಿಕ್ಟೋರಿಯಾ ರಾಣಿಯ ಘೋಷಣೆ ಪ್ರಜೆಗಳ ಮತವಿಶ್ವಾಸಗಳಲ್ಲಿ ಸರಕಾರ ಕೈಹಾಕುವುದಿಲ್ಲವೆಂದು ಭರವಸೆ ನೀಡಿತು. ಅದೂ ಅನುಗ್ರಹವೇ. ದೇಶದ ಜನರು ತಾವೇ ತಮಗೆ ಹಕ್ಕನ್ನು ಬರೆದುಕೊಳ್ಳುವ ಪ್ರಯತ್ನ ಕಂಡುಬರುವುದು 1928ರ ಮೋತಿಲಾಲ್ ನೆಹರೂ ವರದಿಯಲ್ಲಿ ಮತ್ತು 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ. ಅಂತಃಕರಣದ ಸ್ವಾತಂತ್ರ್ಯ, ಎಲ್ಲ ಮತಗಳ ವಿಷಯದಲ್ಲಿ ರಾಜ್ಯದ ತಾಟಸ್ಥ್ಯ, ಈ ಎರಡು ಸೂತ್ರಗಳು ಅಲ್ಲಿಂದಲೇ ಮೂಡಿಬಂದವು. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಅವರು ಸಂವಿಧಾನ ಸಭೆಯಲ್ಲಿ ಮಂಡಿಸಿದ ಧ್ಯೇಯ ನಿರ್ಣಯದಲ್ಲಿ ನಂಬಿಕೆ ಮತ್ತು ಉಪಾಸನೆಯ ಸ್ವಾತಂತ್ರ್ಯ ಸೇರಿತ್ತು. ಸರದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಅದನ್ನು ಮೂಲಭೂತ ಹಕ್ಕುಗಳ ಭಾಷೆಗೆ ತಂದಿತು. 1948ರ ಡಿಸೆಂಬರ್ ತಿಂಗಳಲ್ಲಿ ಸಭೆಯಲ್ಲಿ ತೀವ್ರ ಚರ್ಚೆ ನಡೆಯಿತು. ಮತಪ್ರಚಾರವೂ ಹಕ್ಕಾಗಬೇಕೆ ಎಂಬ ಪ್ರಶ್ನೆಗೆ ಲೋಕನಾಥ ಮಿಶ್ರರಂಥವರು ವಿರೋಧ ಸೂಚಿಸಿದರೂ, ಕೊನೆಗೆ ಆ ಪದ ಉಳಿಯಿತು. 1949ರ ಅಕ್ಟೋಬರಿನಲ್ಲಿ ದೇವರ ಹೆಸರಿನಿಂದ ಪೀಠಿಕೆಯನ್ನು ಆರಂಭಿಸಬೇಕೆಂದು ಎಚ್. ವಿ. ಕಾಮತ್ ಅವರು ತಂದ ಸೂಚನೆ ಬಿದ್ದುಹೋಯಿತು. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ನಮ್ಮಂಥವರಿಗೆ ಈ ನಿರ್ಧಾರದ ಬೆಲೆ ಚೆನ್ನಾಗಿ ಅರ್ಥವಾಗಬೇಕು. ಆ ಮಾತು ಪೀಠಿಕೆಯಲ್ಲಿ ಸೇರಿದ್ದರೆ ದೇಶದ ಮೂಲಶಾಸನದ ಮೊದಲ ಪದವೇ ನಮ್ಮ ದರ್ಶನಕ್ಕೆ ಪರಕೀಯವಾಗುತ್ತಿತ್ತು.

ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ನಮ್ಮ ಸೀಮೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1949ರ ನವೆಂಬರ್ 25ರ ಘೋಷಣೆಯ ಮೂಲಕ ಮೈಸೂರು ಮಹಾರಾಜರು ಭಾರತದ ಸಂವಿಧಾನವನ್ನು ತಮ್ಮ ಸಂಸ್ಥಾನಕ್ಕೂ ಅಂಗೀಕರಿಸಿದರು. ಅರಸನು ಅಭಯ ಕೊಡುವ ಪದ್ಧತಿ ಅಲ್ಲಿಗೆ ಮುಗಿಯಿತು. 1950ರ ಜನವರಿ 26ರಿಂದ ಅಂಗಡಿಯ ಶ್ರಾವಕನಿಗೂ ಕಳಸದ ಅರ್ಚಕನಿಗೂ ಬಾಬಾಬುಡನ್‌ಗಿರಿಗೆ ನಡೆದುಹೋಗುವ ಫಕೀರನಿಗೂ ಚರ್ಚಿಗೆ ಹೋಗುವ ತೋಟದ ಮೇಸ್ತ್ರಿಗೂ ಒಂದೇ ಹಕ್ಕು ದೊರೆಯಿತು. ಯಾರೂ ಯಾರಲ್ಲಿಯೂ ಮೊರೆಯಿಡಬೇಕಾಗಿಲ್ಲ.

ಸಂವಿಧಾನದ 25ರಿಂದ 28ರ ವರೆಗಿನ ವಿಧಿಗಳ ಕ್ರಮವನ್ನು ಗಮನಿಸತಕ್ಕದ್ದು. 25ನೆಯ ವಿಧಿ ಎಲ್ಲ ವ್ಯಕ್ತಿಗಳಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಸಮಾನವಾಗಿ ನೀಡುತ್ತದೆ. ಆ ಬಳಿಕವೇ 26ನೆಯ ವಿಧಿ ಪಂಗಡಗಳಿಗೆ ಸಂಸ್ಥೆಗಳನ್ನು ಸ್ಥಾಪಿಸುವ, ಧರ್ಮದ ವಿಷಯದಲ್ಲಿ ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವ, ಆಸ್ತಿ ಹೊಂದುವ ಹಕ್ಕನ್ನು ಕೊಡುತ್ತದೆ. ಯಾವುದೇ ಒಂದು ಮತದ ಪೋಷಣೆಗಾಗಿ ಯಾರನ್ನೂ ತೆರಿಗೆ ಕೊಡುವಂತೆ ಬಲವಂತಪಡಿಸಕೂಡದೆಂಬುದು 27ನೆಯ ವಿಧಿ. ಮನೆಗೊಂದು ಹಣ ತೆತ್ತು ಕಾವಲು ಪಡೆಯುವ ಕಾಲ ಹೋಯಿತು. ವ್ಯಕ್ತಿ ಮೊದಲು, ಸಂಸ್ಥೆ ಅನಂತರ ಎಂಬ ಈ ಕ್ರಮ ಜೈನದರ್ಶನಕ್ಕೆ ಹೊಸತಲ್ಲ. ಮೋಕ್ಷಮಾರ್ಗದಲ್ಲಿ ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಹೊಣೆ. ಸಂಘವು ದಾರಿ ತೋರಿಸಬಹುದು, ನಡೆಯಬೇಕಾದವನು ಜೀವನೇ.

ಘಟ್ಟದ ಕೆಳಗಿನ ಮೂರು ತೀರ್ಪುಗಳು

ಕಾಗದದ ಮೇಲಿನ ಹಕ್ಕಿಗೆ ನಡಿಗೆ ಕಲಿಸಿದವು ನ್ಯಾಯಾಲಯಗಳು. ನಮ್ಮ ಬೆಟ್ಟಗಳಿಂದ ಘಟ್ಟವಿಳಿದರೆ ಸಿಗುವ ಕರಾವಳಿಯ ಎರಡು ಪ್ರಕರಣಗಳೂ, ಗುಜರಾತಿನ ಜೈನ ಬಾಂಧವರ ಒಂದು ಪ್ರಕರಣವೂ ಇಡೀ ದೇಶಕ್ಕೆ ದಾರಿ ಹಾಕಿಕೊಟ್ಟವು.

ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಮಾನಿಸಿತು. ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲವಾಗಿತ್ತು. ಅಂದಿನ ಮದರಾಸು ಸರಕಾರದ ಅಧಿಕಾರಿಗಳು ಆಡಳಿತದಲ್ಲಿ ಕೈಹಾಕಿದರು. ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ಬರೆದ ತೀರ್ಪಿನ ಪ್ರಕಾರ ಧರ್ಮವೆಂದರೆ ಕೇವಲ ತತ್ತ್ವವಲ್ಲ, ಆಚರಣೆಯೂ ಅದರ ಅಂಗ. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು. ಅಧಿಕಾರಿಯು ಮನಬಂದಂತೆ ದೇವಸ್ಥಾನದೊಳಗೆ ಪ್ರವೇಶಿಸುವ ಅಧಿಕಾರವನ್ನು ನ್ಯಾಯಾಲಯ ಒಪ್ಪಲಿಲ್ಲ.

ಅದೇ ವರ್ಷದ ರತಿಲಾಲ್ ಪಾನಾಚಂದ್ ಗಾಂಧಿ ಪ್ರಕರಣ ನಮ್ಮ ಬಸದಿಯ ಟ್ರಸ್ಟಿಗಳೆಲ್ಲರೂ ತಿಳಿದಿರಬೇಕಾದುದು. ಮುಂಬಯಿ ಪ್ರಾಂತದ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯನ್ನು ಜೈನ ದೇವಾಲಯವೊಂದರ ವ್ಯವಸ್ಥಾಪಕರು ಪ್ರಶ್ನಿಸಿದ್ದರು. ಸರಕಾರದ ಅಧಿಕಾರಿಯೇ ಧಾರ್ಮಿಕ ನ್ಯಾಸದ ಟ್ರಸ್ಟಿಯಾಗಿ ಕೂರುವುದನ್ನೂ, ದಾನಿಯು ಒಂದು ಧರ್ಮಕಾರ್ಯಕ್ಕೆ ಕೊಟ್ಟ ಹಣವನ್ನು ಆ ಕಾರ್ಯ ಸಾಧ್ಯವಿರುವಾಗಲೇ ಬೇರೆಡೆಗೆ ತಿರುಗಿಸುವುದನ್ನೂ ನ್ಯಾಯಾಲಯ ತಳ್ಳಿಹಾಕಿತು. ಆದರೆ ನೋಂದಣಿ, ಲೆಕ್ಕಪತ್ರ, ಲೆಕ್ಕಪರಿಶೋಧನೆಗಳನ್ನು ಎತ್ತಿಹಿಡಿಯಿತು. ವಾಣಿಜ್ಯ ವ್ಯಾಸಂಗ ಮಾಡಿ ಖಾತೆ ಕಿರ್ದಿಗಳ ನಡುವೆ ಬದುಕಿದ ನನ್ನಂಥವನಿಗೆ ಈ ವಿಭಜನೆ ಅತ್ಯಂತ ನ್ಯಾಯವಾಗಿ ತೋರುತ್ತದೆ. ಪೂಜೆ ನಮ್ಮದು, ಲೆಕ್ಕ ಸಮಾಜದ್ದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳತೂಕ ಕಳ್ಳಅಳತೆಗಳೊಡನೆ ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ ಸೇರಿಸಿದ್ದಾರೆ. ಆದ್ದರಿಂದ ಟ್ರಸ್ಟಿನ ಲೆಕ್ಕವನ್ನು ಮುಚ್ಚಿಡಲು ಧರ್ಮಸ್ವಾತಂತ್ರ್ಯದ ಹೆಸರನ್ನು ಬಳಸುವವನು ಕಾನೂನಿಗಿಂತ ಮೊದಲು ತನ್ನ ವ್ರತಕ್ಕೆ ತಪ್ಪುತ್ತಾನೆ.

ಮೂರನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು, 1957ರದು. ಇದು ಒಂದು ಪಂಗಡದ ದೇವಸ್ಥಾನವೆಂದು ನ್ಯಾಯಾಲಯ ಒಪ್ಪಿತು. ಕೆಲವು ವಿಶೇಷ ಸೇವೆಗಳ ವೇಳೆ ಪಂಗಡದವರು ಮಾತ್ರ ಇರಬಹುದೆಂದಿತು. ಆದರೆ ಸಾರ್ವಜನಿಕ ಸ್ವರೂಪದ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯುವ 25ನೆಯ ವಿಧಿಯ ಎರಡನೆಯ ಖಂಡದ ಮುಂದೆ ಪಂಗಡದ ಹಕ್ಕು ತಲೆಬಾಗಬೇಕೆಂದು ತೀರ್ಪಿತ್ತಿತು. ಒಳಗಿನ ವಿಧಿ ನಿಮ್ಮದು, ಬಾಗಿಲು ಎಲ್ಲರದು ಎಂಬುದು ಅದರ ಸಾರಾಂಶ.

ನಾವು ಗೆದ್ದ ವ್ಯಾಜ್ಯ

ಈ ಬಾಗಿಲಿನ ಪ್ರಶ್ನೆ ನಮ್ಮ ಸಮಾಜದ ಎದುರಿಗೂ ಬಂದಿತ್ತು. ಇಲ್ಲಿ ಲೇಖನದ ಕಠಿಣ ಭಾಗವನ್ನು ಪ್ರವೇಶಿಸುತ್ತಿದ್ದೇನೆ. ಓದುಗರು ತಾಳ್ಮೆಯಿಂದ ವಿಚಾರಮಾಡಬೇಕೆಂದು ಕೋರುತ್ತೇನೆ.

1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯ್ದೆಯನ್ನು ಜೈನ ಬಸದಿಗಳಿಗೂ ಅನ್ವಯಿಸಿದಾಗ ಸಮಾಜದಲ್ಲಿ ಕ್ಷೋಭೆಯುಂಟಾಯಿತು. ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಪರಮಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು ಸುಮಾರು ಮೂರು ವರ್ಷಗಳ ಕಾಲ ಧಾನ್ಯಾಹಾರವನ್ನು ತ್ಯಜಿಸಿದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಪೀಠದಲ್ಲಿ, ಜೈನರಿಗೆ ಪರವಾದ ನಿರ್ಣಯ ನೀಡಿತು. ಜೈನ ಬಸದಿಯಲ್ಲಿ ಹಿಂದೂಗಳಿಗೇ ಹಕ್ಕಿನ ಪ್ರವೇಶವಿರದಿದ್ದರೆ, ಆ ಕಾಯ್ದೆಯ ಬಲದಿಂದ ಹರಿಜನರಿಗೂ ಅದು ದೊರೆಯದು ಎಂಬುದು ತರ್ಕ. ಜೈನಧರ್ಮ ಸ್ವತಂತ್ರವೆಂಬುದಕ್ಕೆ ನಾವು ಇಂದಿಗೂ ಈ ತೀರ್ಪನ್ನು ಉಲ್ಲೇಖಿಸುತ್ತೇವೆ.

ಆಚಾರ್ಯಶ್ರೀಯವರ ತಪಸ್ಸಿಗೆ ನಮ್ಮ ನಮನಗಳು ಸಲ್ಲಲಿ. ಧರ್ಮದ ಪ್ರತ್ಯೇಕ ಅಸ್ತಿತ್ವ ಅಳಿಸಿಹೋಗಬಾರದೆಂಬ ಅವರ ಕಳಕಳಿ ಅರ್ಥವಾಗತಕ್ಕದ್ದು. ನಮ್ಮ ಧರ್ಮ ಸ್ವತಂತ್ರವೆಂಬ ಮಾತೂ ಸತ್ಯ. ಆದರೆ ಸ್ವತಂತ್ರವಾಗಿರುವುದು ಯಾವುದಕ್ಕೆ ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ನಾವು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವುಳ್ಳವನು ಚಂಡಾಲನ ಮನೆಯಲ್ಲಿ ಹುಟ್ಟಿದ್ದರೂ ದೇವಸಮಾನನೆಂದು ಹೇಳಿದ್ದಾರೆ. ತೀರ್ಥಂಕರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವಿತ್ತೆಂದು ನಮ್ಮ ಪುರಾಣಗಳು ವರ್ಣಿಸುತ್ತವೆ. ಮನುಷ್ಯಜಾತಿಯ ಏಕತೆಯನ್ನು ಸಾರಿದ ಪಂಪನು ನಮ್ಮ ಕವಿಯೆಂದು ಹೆಮ್ಮೆಪಡುತ್ತೇವೆ. ಇಂಥ ಪರಂಪರೆಯವರು ಪ್ರತ್ಯೇಕತೆಯನ್ನು ಬೀಗದಂತೆ ಬಳಸಿದರೆ, ಗೆದ್ದ ವ್ಯಾಜ್ಯವೂ ನಷ್ಟದ ಖಾತೆಗೇ ಸೇರುತ್ತದೆ.

25ನೆಯ ವಿಧಿಯ ಎರಡನೆಯ ವಿವರಣೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಅಲ್ಲಿ ಹಿಂದೂಗಳೆಂಬ ಮಾತಿಗೆ ಸಿಖ್, ಜೈನ, ಬೌದ್ಧರೂ ಸೇರುತ್ತಾರೆಂದು ಹೇಳಿದೆ. ಇದರಿಂದ ನಮ್ಮನ್ನು ಇನ್ನೊಂದು ಧರ್ಮದಲ್ಲಿ ಕರಗಿಸಿದರೆಂದು ಅನೇಕರು ಕೊರಗುತ್ತ ಬಂದಿದ್ದಾರೆ. ಸಂವಿಧಾನ ಜಾರಿಗೆ ಬರುವ ಹಿಂದಿನ ದಿನ, 1950ರ ಜನವರಿ 25ರಂದು, ಜೈನ ನಿಯೋಗವೊಂದು ನೆಹರೂ ಅವರನ್ನು ಕಂಡಿತು. ಆ ವಿವರಣೆ ಒಂದು ಸೀಮಿತ ಉದ್ದೇಶಕ್ಕೆ ಮಾತ್ರವೆಂದೂ, ಜೈನರನ್ನು ಹಿಂದೂಗಳೆಂದು ಅದು ಮಾಡುವುದಿಲ್ಲವೆಂದೂ ಪ್ರಧಾನಮಂತ್ರಿಯವರ ಕಾರ್ಯದರ್ಶಿ ಎ. ವಿ. ಪೈ ಅವರಿಂದ ಜನವರಿ 31ರಂದು ಉತ್ತರ ಬಂದಿತು. ಈ ಪತ್ರವನ್ನು ನಾವು ಜೋಪಾನವಾಗಿ ಉಲ್ಲೇಖಿಸುತ್ತೇವೆ. ಆದರೆ ಆ ಸೀಮಿತ ಉದ್ದೇಶವೇನೆಂದು ಕೇಳಿಕೊಳ್ಳುವುದು ಕಡಿಮೆ. ಅದು ಸಮಾಜಸುಧಾರಣೆ. ಸಾರ್ವಜನಿಕ ಸ್ವರೂಪದ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ವರ್ಗದವರಿಗೂ ತೆರೆಯುವುದು. ಅಂದರೆ ನಮ್ಮ ಹೆಸರನ್ನು ಬರೆದುದು ಬಾಗಿಲು ತೆರೆಯಿರಿ ಎಂದು ಹೇಳುವುದಕ್ಕಾಗಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಈಗಿನ ಹೆಸರಿನಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ದೇವಾಲಯ ಪ್ರವೇಶದ ವಿಷಯದಲ್ಲಿ ಜೈನರಿಗೂ ಅನ್ವಯಿಸುವುದೆಂದು ಸಂದೇಹಕ್ಕೆಡೆಯಿಲ್ಲದಂತೆ ಬರೆಯಿತು. ಗುರುತಿನ ಬಗೆಗೆ ನಮ್ಮ ದೂರು ಏನೇ ಇರಲಿ, ಆ ಉದ್ದೇಶದ ಬಗೆಗೆ ದೂರಿರಲು ಜೈನನಿಗೆ ಕಾರಣವಿಲ್ಲ.

ಮೂಡಿಗೆರೆ ಕಳಸಗಳ ಕಾಫಿತೋಟಗಳಲ್ಲಿ ಕೊಯ್ಲಿನ ದಿನಗಳಲ್ಲಿ ದುಡಿಯುವವರು ಯಾರು? ಈ ನೆಲದ ದಲಿತ ಕುಟುಂಬಗಳು, ತಮಿಳು ಸೀಮೆಯಿಂದ ಬಂದು ನೆಲಸಿದವರು, ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಷ್ಟು ದೂರದಿಂದ ಬಂದವರು. ಅವರು ಕೊಯ್ದ ಹಣ್ಣಿನ ಲಾಭದಲ್ಲಿ ಒಂದಂಶ ನಮ್ಮ ಬಸದಿಗಳ ಜೀರ್ಣೋದ್ಧಾರಕ್ಕೂ ಸಂದಿದೆ. ಅವರಲ್ಲೊಬ್ಬನು ಬಸದಿಯ ಮೆಟ್ಟಿಲೇರಿ ಭಗವಂತನ ಶಾಂತ ಮುದ್ರೆಯನ್ನು ನೋಡಬಯಸಿದರೆ ನಮ್ಮ ಉತ್ತರವೇನು? ಇಲ್ಲಿ ಒಂದು ವಿವೇಚನೆ ನೆರವಾಗುತ್ತದೆ. ಸ್ನಾನ ಶುಚಿ, ಮದ್ಯಮಾಂಸಗಳನ್ನು ಒಳಗೆ ತರದಿರುವುದು, ಅಭಿಷೇಕಕ್ಕೆ ಧೌತವಸ್ತ್ರ, ಗರ್ಭಗೃಹಕ್ಕೆ ಅರ್ಚಕರು ಮಾತ್ರ, ಇವು ನಿಯಮಗಳು. ಇವುಗಳನ್ನು ಯಾರು ಬೇಕಾದರೂ ಪಾಲಿಸಬಹುದು, ಎಲ್ಲರಿಗೂ ಒಂದೇ ಸಮ. ಇವು 26ನೆಯ ವಿಧಿಯ ರಕ್ಷಣೆಗೆ ಯೋಗ್ಯ. ಹುಟ್ಟಿನ ಕಾರಣದಿಂದ ತಡೆಯುವುದು ನಿಯಮವಲ್ಲ. ಅದನ್ನು ಪಾಲಿಸಿ ಪಾರಾಗುವ ದಾರಿ ಎದುರಿನವನಿಗಿಲ್ಲ. ಟ್ರಸ್ಟಿನ ಉಪನಿಯಮಗಳನ್ನು ಬರೆಯುವವರು ಪ್ರತಿಯೊಂದು ವಾಕ್ಯವನ್ನೂ ಈ ಒರೆಗಲ್ಲಿಗೆ ಉಜ್ಜಿ ನೋಡಬೇಕು.

ಬಾಗಿಲು ತೆರೆದರೆ ಧರ್ಮ ಸಡಿಲವಾಗುವುದಿಲ್ಲವೇ, ಇತರರು ತಮ್ಮ ಬಾಗಿಲನ್ನು ತೆರೆದಿದ್ದಾರೆಯೇ ಎಂದು ಕೇಳುವವರಿದ್ದಾರೆ. ಮೊದಲ ಸಂದೇಹಕ್ಕೆ ಉತ್ತರ, ಸಡಿಲವಾಗುವುದು ನಿಯಮ ಬಿಟ್ಟಾಗಲೇ ಹೊರತು ಜನ ಬಂದಾಗಲ್ಲ. ಎರಡನೆಯದಕ್ಕೆ, ಅಣುವ್ರತವನ್ನು ಇತರರು ತೆಗೆದುಕೊಳ್ಳಲೆಂದು ಕಾದು ಯಾವ ಶ್ರಾವಕನೂ ಸ್ವೀಕರಿಸುವುದಿಲ್ಲ.

ಅಂತಃಕರಣದ ಪರೀಕ್ಷೆ

2015ರಲ್ಲಿ ಧರ್ಮಸ್ವಾತಂತ್ರ್ಯದ ಬೆಲೆ ನಮಗೆ ಮತ್ತೆ ಅರಿವಾಯಿತು. ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ, ಅಂದರೆ ಸಲ್ಲೇಖನವು ಜೈನಧರ್ಮದ ಅತ್ಯಗತ್ಯ ಆಚರಣೆಯಲ್ಲವೆಂದು ಹೇಳಿ ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಲೂ ಸಮಾಧಿಮರಣದ ಲೇಖಗಳನ್ನು ಕೆತ್ತಿಟ್ಟ ನಾಡಿನವರಿಗೆ ಆ ನಿರ್ಣಯ ಆಘಾತವನ್ನುಂಟುಮಾಡಿದ್ದು ಸಹಜ. ಶಿರೂರು ಮಠದ ತೀರ್ಪು ಹಾಕಿಕೊಟ್ಟ ದಾರಿಯಲ್ಲಿ ನಡೆದಿದ್ದರೆ, ಯಾವುದು ಅತ್ಯಗತ್ಯವೆಂಬುದನ್ನು ನಮ್ಮ ಸಿದ್ಧಾಂತಗಳಿಂದಲೇ ತಿಳಿಯಬೇಕಾಗಿತ್ತು.

ಆದರೆ ನಾವು ಸಲ್ಲೇಖನವನ್ನು ಸಮರ್ಥಿಸುವ ಆಧಾರವೇನು? ಅದು ಸ್ವಇಚ್ಛೆಯ ವ್ರತ, ಯಾರ ಬಲವಂತವೂ ಇಲ್ಲ, ಕಷಾಯಗಳು ಕ್ಷೀಣಿಸಿದ ಅಂತಃಕರಣದ ಸಂಕಲ್ಪ ಎಂಬುದೇ ಆಧಾರ. ಹೀಗೆ ವಾದಿಸುವವನು ತನ್ನ ಮನೆಯಲ್ಲಿಯೂ ಅಂತಃಕರಣವನ್ನು ಗೌರವಿಸಬೇ­ಕಾಗುತ್ತದೆ. ವೃದ್ಧರ ವ್ರತದ ಹಿಂದೆ ಕುಟುಂಬದ ಒತ್ತಡದ ನೆರಳೂ ಇರಬಾರದು. ಪರ್ಯೂಷಣದಲ್ಲಿ ಉಪವಾಸ ಮಾಡದ ಮಗನನ್ನು ಬಂಧುಗಳ ಮುಂದೆ ಹೀಯಾಳಿಸಬಾರದು. ಬೇರೆ ಮತದವನನ್ನು ವರಿಸಿದ ಮಗಳ ಹೆಸರನ್ನು ಸಮಾಜದ ಪಟ್ಟಿಯಿಂದ ಹೊಡೆದುಹಾಕುವ ಮುನ್ನ ಶಾಂತಲೆಯ ಮನೆಯನ್ನು ನೆನೆಯಬೇಕು. ನಮ್ಮ ಪಂಥಗಳ ನಡುವೆಯೂ ಇದೇ ಮಾತು. ಮಹಾರಾಷ್ಟ್ರದ ಶಿರಪುರದ ಅಂತರಿಕ್ಷ ಪಾರ್ಶ್ವನಾಥನ ಸನ್ನಿಧಿಯ ವಿಷಯದಲ್ಲಿ ದಿಗಂಬರ ಶ್ವೇತಾಂಬರರ ವ್ಯಾಜ್ಯ ದಶಕಗಳ ಕಾಲ ನಡೆದು, ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಅನೇಕಾಂತವನ್ನು ಜಗತ್ತಿಗೆ ಬೋಧಿಸುವವರು ಒಂದೇ ಮೂರ್ತಿಗೆ ಎರಡು ಬಗೆಯ ಪೂಜೆಯನ್ನು ಸಹಿಸಲಾರದೆ ನ್ಯಾಯಾಧೀಶರ ಮುಂದೆ ನಿಂತರು.

ಅನೇಕಾಂತವೆಂದರೆ ಎಲ್ಲ ಮತಗಳೂ ಸಮಾನವಾಗಿ ಸತ್ಯವೆಂಬ ಸಡಿಲವಾದ ಮಾತಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪ್ರತಿಯೊಂದು ನಯವೂ ವಸ್ತುವಿನ ಒಂದಂಶವನ್ನು ಗ್ರಹಿಸುತ್ತದೆ, ತನ್ನದೇ ಪೂರ್ಣವೆಂದು ಹಟಹಿಡಿದಾಗ ದುರ್ನಯವಾಗುತ್ತದೆ ಎಂಬುದು ಅದರ ತತ್ತ್ವ. ಸಂವಿಧಾನವೂ ಎಲ್ಲ ಮತಗಳೂ ಸತ್ಯವೆಂದು ಹೇಳುವುದಿಲ್ಲ. ಯಾವುದು ಸತ್ಯವೆಂದು ನಿರ್ಣಯಿಸುವ ಅಧಿಕಾರ ತನಗಿಲ್ಲವೆಂದು ಮಾತ್ರ ಹೇಳುತ್ತದೆ. ಆ ವಿನಯವೇ ಎರಡಕ್ಕೂ ಸಮಾನವಾದುದು.

ದೊರೆತ ಸ್ಥಾನ, ಉಳಿದ ಋಣ

2014ರ ಜನವರಿ 27ರಂದು ಕೇಂದ್ರ ಸರಕಾರವು ಜೈನರನ್ನು ರಾಷ್ಟ್ರಮಟ್ಟದ ಆರನೆಯ ಅಲ್ಪಸಂಖ್ಯಾತ ಸಮುದಾಯವೆಂದು ಪ್ರಕಟಿಸಿತು. ಬಾಲ ಪಾಟೀಲ್ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ಆದೇಶ ನೀಡಲು ನಿರಾಕರಿಸಿದ್ದನ್ನು ನೆನೆದರೆ ಇದು ದೀರ್ಘ ಪ್ರಯತ್ನದ ಫಲ. 2011ರ ಜನಗಣತಿಯಂತೆ ದೇಶದಲ್ಲಿ ನಮ್ಮ ಸಂಖ್ಯೆ ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಇಷ್ಟು ಕಿರಿದಾದ ಸಮಾಜಕ್ಕೆ 30ನೆಯ ವಿಧಿಯಂತೆ ತನ್ನ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕು ಅಮೂಲ್ಯ. ಆದರೆ ಆ ಶಾಲೆಗಳಲ್ಲಿ ಕಲಿಯುವ ಇತರ ಮತದ ಮಕ್ಕಳು ತಮ್ಮ ನಂಬಿಕೆಗೆ ನಾಚದೆ ಇರುವಂತೆ ನಾವು ನೋಡಿಕೊಂಡರೆ ಮಾತ್ರ ಆ ಹಕ್ಕಿಗೆ ಶೋಭೆ.

ನಮ್ಮ ಜಿಲ್ಲೆಯ ಬಾಬಾಬುಡನ್‌ಗಿರಿಯ ಸನ್ನಿಧಿಯ ವಿವಾದ ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲೇರಿದುದನ್ನು ಎಲ್ಲರೂ ಬಲ್ಲರು. ಅದರಲ್ಲಿ ಯಾರ ಪಕ್ಷ ಸರಿಯೆಂಬುದು ಈ ಲೇಖನದ ವಿಷಯವಲ್ಲ. ನಾನು ಹೇಳಬಯಸುವುದಿಷ್ಟೇ: ಆಡಳಿತ ಯಾರದು, ಪೂಜೆ ಯಾವ ರೀತಿಯದು ಎಂಬುದನ್ನು ನ್ಯಾಯಾಲಯ ನಿರ್ಣಯಿಸಬಲ್ಲದು. ಪಕ್ಕದ ಮನೆಯವನ ನೋವನ್ನು ತನ್ನದೆಂದು ಭಾವಿಸು ಎಂದು ಅದು ಆಜ್ಞೆ ಮಾಡಲಾರದು. ಬುಕ್ಕರಾಯನ ಶಾಸನ ಆ ಮಾತನ್ನು ಹೇಳಿತ್ತು. ಸಂವಿಧಾನದ ಹಕ್ಕುಗಳ ಭಾಗ ಅದನ್ನು ಹೇಳುವುದಿಲ್ಲ. 1976ರಲ್ಲಿ ಸೇರಿಸಿದ 51ಎ ವಿಧಿಯು ಸಾಮರಸ್ಯವನ್ನೂ ಜೀವಿಗಳ ಮೇಲಿನ ಅನುಕಂಪೆಯನ್ನೂ ಪ್ರಜೆಯ ಕರ್ತವ್ಯವೆಂದು ಎಣಿಸಿದ್ದರೂ, ಕರ್ತವ್ಯವನ್ನು ನ್ಯಾಯಾಲಯದಲ್ಲಿ ವಸೂಲುಮಾಡಲು ಬಾರದು. ಅಂದು ಅರಸನು ಎರಡು ಕೈಗಳನ್ನು ಕೂಡಿಸಿದನು. ಇಂದು ಅರಸನಿಲ್ಲ. ಕೈ ನೀಡಬೇಕಾದವರು ನಾವೇ.

ಆದ್ದರಿಂದ ನಮ್ಮ ಬಸದಿಗಳ ಟ್ರಸ್ಟುಗಳು ತಮ್ಮ ವಾರ್ಷಿಕ ಸಭೆಗಳಲ್ಲಿ ಜಮಾಖರ್ಚಿನೊಡನೆ ಇನ್ನೊಂದು ಲೆಕ್ಕವನ್ನೂ ಮಂಡಿಸಬೇಕೆಂದು ನನ್ನ ವಿನಂತಿ. ಈ ವರ್ಷ ನಮ್ಮ ಬಾಗಿಲಿನಿಂದ ಯಾರಾದರೂ ಹುಟ್ಟಿನ ಕಾರಣಕ್ಕೆ ಹಿಂದಿರುಗಿದರೇ? ನಮ್ಮೊಳಗಿನ ಭಿನ್ನಮತೀಯನು ಹೆದರದೆ ಮಾತನಾಡಿದನೇ? ನೆರೆಯ ಮಸೀದಿಗೆ, ಚರ್ಚಿಗೆ, ಗುಡಿಗೆ ಒದಗಿದ ಕಷ್ಟದಲ್ಲಿ ನಮ್ಮಲ್ಲೊಬ್ಬರಾದರೂ ಹೋಗಿ ನಿಂತರೇ? ಆಹಾರ, ಔಷಧ, ಶಾಸ್ತ್ರದಾನಗಳ ಪಟ್ಟಿ ನಮ್ಮ ವರದಿಗಳಲ್ಲಿ ಪ್ರತಿವರ್ಷವೂ ಅಚ್ಚಾಗುತ್ತದೆ. ಅಭಯದಾನದ ಪುಟ ಖಾಲಿಯಿದೆ. ಆ ಪುಟವನ್ನು ತುಂಬುವ ಕೆಲಸ ಸರಕಾರದ್ದೂ ಅಲ್ಲ, ನ್ಯಾಯಾಲಯದ್ದೂ ಅಲ್ಲ, ಶ್ರಾವಕನದು.